ಜಪಾನಿ ಕುಸ್ತಿ ಮತ್ತು ಬಟ್ಟೆ ಒಣಹಾಕುವ ಹಗ್ಗ

ಬಾಗಲಗುಂಟೆಯ ಒಂದು ಮನೆಯ ಮಹಡಿಯ ಮೇಲೆ, ಒಂದು ಭಾನುವಾರ ಬೆಳಗ್ಗೆ, ಅರವತ್ತು ದಾಟಿದ ಇಬ್ಬರು ಗಂಡಸರು ಪಟ್ಟಾಪಟ್ಟಿ ಚಡ್ಡಿ ಹಾಕಿಕೊಂಡು ಜಪಾನೀಯರ ಪದ್ಧತಿಯಲ್ಲಿ ಕುಸ್ತಿ ಮಾಡಿದರು. ನಾನು ರೆಫರಿ. ಇದನ್ನು ಹೇಳಿದಾಗಲೆಲ್ಲ ಕೇಳಿದವರು ನಗುತ್ತಾರೆ. ನಗಲಿ, ಈಗ ನಾನೂ ನಗುತ್ತೇನೆ. ಆದರೆ ಅವತ್ತು ಮೆಟ್ಟಿಲಿಳಿದು ಬಂದಾಗ ನಾನು ನಕ್ಕಿರಲಿಲ್ಲ. ಆದ್ದರಿಂದ ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳುತ್ತೇನೆ. ನಾನು ಕಾಣದೇ ಹೋದದ್ದು ಒಂದಿದೆ. ಆ ಜಾಗ ಬಂದಾಗ ಅದನ್ನೂ ಹೇಳುತ್ತೇನೆ.

ಆಗ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದೆ. ಲೇತಿನಿಂದ, ಗ್ರೈಂಡಿಂಗಿನಿಂದ ಬರುವ ಶಾಫ್ಟು, ಬುಶ್ಶುಗಳನ್ನು ಮೈಕ್ರೋಮೀಟರಿನಲ್ಲಿ ಅಳೆದು ಪಾಸು, ರಿಜೆಕ್ಟು, ಇಲ್ಲವೇ ರೀವರ್ಕು ಎಂದು ಹೇಳುವುದು ಕೆಲಸ. ಬೇರೆ ಉತ್ತರ ಕೊಡುವ ಹಾಗಿಲ್ಲ. ಎರಡು ಸಾವಿರದ ಆಚೀಚಿನ ವರ್ಷಗಳು. ನಮ್ಮಲ್ಲಿಗೆ ಜಪಾನಿನಿಂದ ಒಂದು ಗ್ರೈಂಡಿಂಗ್ ಮೆಷಿನ್ನು ಬಂತು. ಅದನ್ನು ಕೂರಿಸಿಕೊಡಲು ಅದರ ಹಿಂದೆಯೇ ಒಬ್ಬ ಜಪಾನಿ ಇಂಜಿನಿಯರೂ ಬಂದರು. ತೆಳ್ಳನೆಯ ಮನುಷ್ಯ, ಮಾತು ಕಡಿಮೆ. ಅವರಿಗೆ ಬರುವ ಇಂಗ್ಲಿಷು ಸ್ವಲ್ಪ, ನನಗೆ ಬರುವುದು ಅದಕ್ಕಿಂತ ಇನ್ನೊಂದು ಸ್ವಲ್ಪ ಹೆಚ್ಚು. ದಿನವೆಲ್ಲ ಜೊತೆಯಲ್ಲಿ ಕೂತು ಅಳೆಯುತ್ತಿದ್ದುದರಿಂದ ನಮ್ಮಿಬ್ಬರಿಗೆ ಹೊಂದಿಕೆಯಾಗಿತ್ತು.

ಊಟದ ಹೊತ್ತಿನಲ್ಲಿ ನಮ್ಮ ಹುಡುಗರು ಟಿ.ವಿ.ಯಲ್ಲಿ ಬರುವ ಅಮೆರಿಕದ ಕುಸ್ತಿಯ ಮಾತಾಡುತ್ತಿದ್ದರು. ಯಾರು ಯಾರ ತಲೆಗೆ ಕುರ್ಚಿಯಲ್ಲಿ ಹೊಡೆದ, ಯಾರು ಯಾರ ಮದುವೆ ಕೆಡಿಸಿದ, ಇದೇ. ಒಂದು ದಿನ ಲೇತಿನ ಹುಡುಗನೊಬ್ಬ ಟಿಫನ್ ಕ್ಯಾರಿಯರ್ ಹಿಡಿದು ಅದನ್ನು ಅಭಿನಯಿಸಿಯೂ ತೋರಿಸಿದ. ಇಂಜಿನಿಯರು ನೋಡಿ, ಬೇಡ ಬೇಡ ಎನ್ನುವ ಹಾಗೆ ತಲೆಯಲ್ಲಾಡಿಸಿದರು. ಊರಿಗೆ ಹೊರಡುವ ಮುಂಚೆ ಬಿಳಿ ಕಾಗದದ ಕವರಿನಲ್ಲಿ ಒಂದು ಸಿ.ಡಿ. ತಂದು ನನ್ನ ಕೈಗಿಟ್ಟರು. ಜಪಾನಿ ಕುಸ್ತಿ. ಹಳೆಯದು, ಅವರು ಹುಡುಗರಾಗಿದ್ದಾಗ ಕಂಡದ್ದು. ಬೆನ್ನು ನೆಲಕ್ಕೆ ತಾಗಿದರೆ ಅದರಲ್ಲಿ ಸೋಲಲ್ಲ, ನೋವು ತಡೆಯಲಾರದೆ ಕೈಯಿಂದ ನೆಲ ತಟ್ಟಿದರೆ ಸೋಲು, ಬಿದ್ದವನು ಹತ್ತು ಎಣಿಸುವಷ್ಟರಲ್ಲಿ ಏಳದಿದ್ದರೂ ಸೋಲು ಎಂದು ಊಟದ ಮೇಜಿನ ಮೇಲೆ ಕೈಯಲ್ಲೇ ತೋರಿಸಿದರು.

"ರಿಯಲ್ ಆರ್ ಡ್ರಾಮಾ?" ಎಂದು ಕೇಳಿದೆ.

ಅವರು ಚಮಚ ಕೆಳಗಿಟ್ಟು, ಛಾವಣಿಯ ತಗಡಿನ ಶೀಟು ನೋಡುತ್ತಾ ಬಹಳ ಹೊತ್ತು ಯೋಚನೆ ಮಾಡಿದರು. ಆಮೇಲೆ, "ಎಸ್," ಎಂದರು.

ಪ್ರಶ್ನೆ ಅರ್ಥವಾಗಿಲ್ಲವೇನೋ ಎಂದು ನಿಧಾನವಾಗಿ ಇನ್ನೊಮ್ಮೆ ಕೇಳಿದೆ. ಅವರೂ ನಿಧಾನವಾಗಿ ಇನ್ನೊಮ್ಮೆ, "ಎಸ್," ಎಂದರು.

ಸಿ.ಡಿ. ಏನೋ ಬಂತು, ನನ್ನ ಹತ್ತಿರ ಟಿ.ವಿ. ಇರಲಿಲ್ಲ. ನಾನಿದ್ದದ್ದು ಮಹಡಿಯ ಮೇಲಿನ ಒಂಟಿ ರೂಮಿನಲ್ಲಿ. ಕೆಳಗಿನ ಮನೆಯಲ್ಲಿ ಮಾಲೀಕರು. ಬಾಗಲಗುಂಟೆ ಇನ್ನೂ ಊರಾಗಿದ್ದಾಗಿನಿಂದ ಅಲ್ಲಿಯವರೇ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ್ದರು. ಅವರನ್ನು ಇಡೀ ಬೀದಿ ಪೈಲ್ವಾನ್ರು ಎಂದೇ ಕರೆಯುತ್ತಿತ್ತು, ಅಂಚೆಯವನೂ ಸೇರಿ.

ಆ ಹೆಸರು ಬಂದದ್ದು ಒಂದೇ ಒಂದು ಕುಸ್ತಿಯಿಂದ. ಹೊಸ ಬಾಡಿಗೆದಾರ ಬಂದರೆ ಮನೆಯ ಬೀಗದ ಕೈ ಕೊಡುವ ಮುಂಚೆ ಅವರು ಆ ಕುಸ್ತಿಯನ್ನು ಹೇಳಿಯೇ ಕೊಡುತ್ತಿದ್ದರು. ನೆಲಮಂಗಲದ ಕಡೆಯ ಹಳ್ಳಿಯವನೊಬ್ಬ, ಆಗ ಸುತ್ತಮುತ್ತ ಹೆಸರಾದವನು, ಇವರಿಗಿಂತ ಒಂದು ಹಿಡಿ ಎತ್ತರ. ಕೆರೆಯ ಪಕ್ಕದ ಮೈದಾನದಲ್ಲಿ ಜೋಡಿ ಕಟ್ಟಿದರು. ಬೀಡಿ ಹಚ್ಚುವಷ್ಟು ಹೊತ್ತಿನಲ್ಲಿ ಇವರು ಅವನನ್ನು ಎತ್ತಿ ಕೆಡವಿ ಚಿತ್ ಮಾಡಿದರು. ಆಮೇಲೆ ಅವನ ತಂಗಿಯನ್ನೇ ಮದುವೆಯಾದರು.

"ಅವತ್ತಿಂದ ಇವತ್ತಿನವರೆಗೆ ಸೋತಿಲ್ಲ ಕಣಪ್ಪ," ಎಂದು ಅವರು ಮುಗಿಸಿದರೆ, ಅಡುಗೆಮನೆಯಿಂದ ಅವರ ಹೆಂಡತಿ, ನಾನು ಆಂಟಿ ಎನ್ನುತ್ತಿದ್ದವರು, "ಅವತ್ತಿಂದ ಆಡೇ ಇಲ್ವಲ್ಲ," ಎನ್ನುತ್ತಿದ್ದರು. ಇದೂ ಆ ಕಥೆಯ ಭಾಗವೇ ಆಗಿಹೋಗಿತ್ತು.

ಸೋತ ಆ ಮನುಷ್ಯ, ಅಂದರೆ ಆಂಟಿಯ ಅಣ್ಣ, ಭಾನುವಾರಗಳಂದು ನೆಲಮಂಗಲದ ಬಸ್ಸಿನಲ್ಲಿ, ಚೀಲದಲ್ಲಿ ಒಂದು ನಾಟಿ ಕೋಳಿ ಹಿಡಿದುಕೊಂಡು ಬರುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುವುದು. ಗೊಂದಲವಾಗದಿರಲಿ ಎಂದು ಮನೆಯ ಮಾಲೀಕರನ್ನು ಪೈಲ್ವಾನ್ರು ಎಂದೂ ಬಂದವರನ್ನು ಬಾವನೋರು ಎಂದೂ ಬರೆಯುತ್ತೇನೆ. ನಾನು ಕರೆಯುತ್ತಿದ್ದದ್ದೂ ಹಾಗೆಯೇ.

ಒಂದು ಭಾನುವಾರ ಮಧ್ಯಾಹ್ನ ಮುದ್ದೆ, ಕೋಳಿಸಾರು ಬಡಿಸಿದ ಮೇಲೆ ಪೈಲ್ವಾನ್ರ ಮನೆಯ ಟಿ.ವಿ.ಯಲ್ಲಿ ಸಿ.ಡಿ. ಹಾಕಿದೆ. ಜಪಾನಿ ಅಕ್ಷರಗಳು ಬಂದು ಹೋದವು. ರಿಂಗು ಕಾಣಿಸಿತು. ಒಬ್ಬ ಕುಳ್ಳ, ಅಗಲ ಎದೆ, ಕಪ್ಪು ಚಡ್ಡಿ. ಇನ್ನೊಬ್ಬ ಎತ್ತರ, ಕಡುಗೆಂಪು ಚಡ್ಡಿ, ಮೊಣಕಾಲಿಂದ ಪಾದದವರೆಗೆ ದಪ್ಪನೆಯ ಪಟ್ಟಿ. ಮುಖಕ್ಕೆ ಬಣ್ಣವಿಲ್ಲ, ಮೈಕು ಹಿಡಿದು ಬೈದಾಡುವುದಿಲ್ಲ. ಜನ ಸಂಗೀತ ಕಚೇರಿಗೆ ಬಂದವರ ಹಾಗೆ ಕೈಕಟ್ಟಿ ಕೂತಿದ್ದರು.

"ಇದೇನ್ಲಾ, ಸಾವಿನ ಮನೆ ಇದ್ದಂಗೈತೆ," ಎಂದರು ಬಾವನೋರು.

ಎತ್ತರದವನು ಕುಳ್ಳನ ತೊಡೆಗೆ ಒದ್ದ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದ ಸದ್ದು. ಇನ್ನೊಮ್ಮೆ ಒದೆಯಲು ಹೋದಾಗ ಕುಳ್ಳ ಆ ಕಾಲನ್ನೇ ಹಿಡಿದು ತಳ್ಳಿದ. ಎತ್ತರದವನು ಬೆನ್ನ ಮೇಲೆ ಬಿದ್ದ. ಪೈಲ್ವಾನ್ರು ರಿಮೋಟು ತೆಗೆದುಕೊಂಡು ಟಿ.ವಿ. ಆಫ್ ಮಾಡಿ, ಮುದ್ದೆಗೆ ಕೈ ಹಾಕಿದರು.

"ಯಾಕೆ ಆಫ್ ಮಾಡಿದ್ರಿ?" ಎಂದೆ.

"ಚಿತ್ ಆಯ್ತಲ್ಲ. ಇನ್ನೇನ್ ನೋಡೋದು?"

ಇವರಲ್ಲಿ ಬೆನ್ನು ತಾಗಿದರೆ ಲೆಕ್ಕಕ್ಕಿಲ್ಲ, ನೆಲ ತಟ್ಟಬೇಕು ಎಂದು ವಿವರಿಸಿದೆ. ಪೈಲ್ವಾನ್ರು ನನ್ನನ್ನು ಕನಿಕರದಿಂದ ನೋಡಿದರು. "ಬೆನ್ನು ಮಣ್ಣು ಮುಟ್ಟಿದ್ ಮ್ಯಾಕೆ ಮನುಷ್ಯಂಗೆ ಇನ್ನೇನಪ್ಪ ಉಳೀತದೆ?"

ಮತ್ತೆ ಹಾಕಿದೆ. ಸ್ವಲ್ಪ ಹೊತ್ತಿಗೆ ಕುಳ್ಳ ಬೆನ್ನ ಮೇಲೆ ಬಿದ್ದ. ಪೈಲ್ವಾನ್ರ ಕೈ ತಾನಾಗಿ ಹೋಗಿ ಮತ್ತೆ ಆಫ್ ಮಾಡಿತು. ಬಾವನೋರು ರಿಮೋಟು ಕಸಿದು ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡರು. ಹಾಗಾಗಿ ಪಂದ್ಯ ಮುಂದುವರಿಯಿತು.

ಕುಳ್ಳ ಎತ್ತರದವನ ಪಾದ ಹಿಡಿದು ತಿರುಚಿದ. ಎತ್ತರದವನು ಮೊಣಕೈ ಊರಿಕೊಂಡು ತೆವಳಿ ತೆವಳಿ ಹೋಗಿ ಅಂಚಿನ ಹಗ್ಗ ಹಿಡಿದ. ರೆಫರಿ ಬಿಡಿಸಿದ.

"ಹಗ್ಗ ಮುಟ್ಟಿದ್ರೆ ಬಿಟ್ಬಿಡ್ಬೇಕಾ? ಹುಡುಗ್ರ ಮುಟ್ಟಾಟನಾ ಇದು?" ಎಂದರು ಪೈಲ್ವಾನ್ರು.

"ಮುಟ್ಟಬೋದು, ಆದ್ರೆ ಮುಟ್ಟಿದಷ್ಟು ಸಲ ಪಾಯಿಂಟ್ ಹೋಗುತ್ತೆ," ಎಂದೆ.

ಇದು ಬಾವನೋರಿಗೆ ಹಿಡಿಸಿತು. "ಹಗ್ಗ ಐತೆ, ಆದ್ರೆ ಸವೀತಾ ಹೋಗ್ತದೆ ಅನ್ನು," ಎಂದು ಮುಂದಕ್ಕೆ ಬಾಗಿ ಕೂತರು.

ಅಲ್ಲಿಂದ ಮುಂದೆ ಯಾರೂ ಉಣ್ಣಲಿಲ್ಲ. ಸಾರಿನ ಮೇಲೆ ಕೊಬ್ಬು ಕಟ್ಟಿತು. ಆಂಟಿ ಸೌಟು ಹಿಡಿದು ಬಾಗಿಲಲ್ಲೇ ನಿಂತರು. ಆ ಪಂದ್ಯದಲ್ಲಿ ಅವಸರವಿರಲಿಲ್ಲ. ಒಬ್ಬ ಇನ್ನೊಬ್ಬನ ಮಣಿಕಟ್ಟನ್ನು ಹಿಡಿಯಲು ನೋಡುತ್ತಾನೆ, ಸಿಗುವುದಿಲ್ಲ, ಬೆರಳು ಸಿಗುತ್ತದೆ, ಬೆರಳಿಂದ ಮಣಿಕಟ್ಟು, ಮಣಿಕಟ್ಟಿಂದ ಮೊಣಕೈ. ಅಷ್ಟು ದೂರ ಹೋಗುವಷ್ಟರಲ್ಲಿ ಕೆಳಗಿನವನು ಸೊಂಟ ತಿರುಗಿಸಿ ಮೇಲೆ ಬಂದಿರುತ್ತಾನೆ. ಜನ ಸದ್ದಿಲ್ಲದೆ ಕೂತು, ಇದ್ದಕ್ಕಿದ್ದಂತೆ ಎಲ್ಲರೂ ಒಟ್ಟಿಗೆ ಉಸಿರೆಳೆದುಕೊಳ್ಳುತ್ತಿದ್ದರು. ನಾವು ಕೂತಿದ್ದ ಕೋಣೆಯಲ್ಲೂ ಅದೇ ಕ್ಷಣಕ್ಕೆ ಮೂವರು ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು.

ಆಮೇಲೆ ಕುಳ್ಳ ಹಿಂದಿನಿಂದ ಹೋಗಿ ಎತ್ತರದವನ ಸೊಂಟ ತಬ್ಬಿ, ಬೆರಳಿಗೆ ಬೆರಳು ಬಿಗಿದು, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಅವನನ್ನು ತಲೆಯ ಮೇಲಿಂದ ಎತ್ತಿ ಹಾಕಿದ. ಪೈಲ್ವಾನ್ರು ಎದ್ದು ನಿಂತುಬಿಟ್ಟರು.

"ಇದು ಕಣ್ ಬಾವ ಕುಸ್ತಿ ಅಂದ್ರೆ. ನಾನು ನಿನ್ನ ಎತ್ತಿದ್ದು ಇಂಗೇ ಅಲ್ವಾ?"

ಬಾವನೋರು ಪರದೆಯಿಂದ ಕಣ್ಣು ತೆಗೆಯದೆ, ಮೂಳೆ ಚೀಪುತ್ತಾ, ಬಹಳ ಮೆಚ್ಚಿಕೊಂಡ ದನಿಯಲ್ಲಿ ಹೇಳಿದರು: "ಸಕ್ಕತ್ತಾಗಿ ಮಾಡ್ತಾವ್ರೆ. ಆದ್ರೆ ಇದು ಮಾತಾಡ್ಕೊಂಡಿರೋ ಕುಸ್ತಿ ಕಣ್ ಬಾವ."

"ಹೋಗಲೋ. ತೊಡೆ ನೋಡು, ಬಾಸುಂಡೆ ಬಂದೈತೆ."

"ಬಾಸುಂಡೆ ನಿಜಾನೇ. ಬೀಳೋನ್ನ ನೋಡು. ಅವನು ಎತ್ತೋಕೆ ಮುಂಚೆನೇ ಇವನು ಗದ್ದ ಎದೆಗೆ ಒತ್ಕೊಂಡ. ಬೀಳ್ತೀನಿ ಅಂತ ಮೊದ್ಲೇ ಗೊತ್ತಿರೋನು ಮಾತ್ರ ಅಂಗೆ ಒತ್ಕೊಳ್ಳೋದು."

"ನಿಂಗೆಂಗೆ ಗೊತ್ತು?"

"ಯಾಕೆ, ನಾನೂ ಅವತ್ತು..." ಎಂದ ಬಾವನೋರು ಅಲ್ಲಿಗೇ ನಿಲ್ಲಿಸಿದರು. ಮೂಳೆಯನ್ನು ತಟ್ಟೆಯ ಅಂಚಿಗೆ ಬಹಳ ಜೋಪಾನವಾಗಿ ಇಟ್ಟರು.

ನಾನು ಅಲ್ಲೇ ಇದ್ದೆ. ಪೈಲ್ವಾನ್ರ ಮುಖದಲ್ಲಿ ಆದದ್ದನ್ನು ಪೂರ್ತಿ ನೋಡಿದೆ. ಮೊದಲು ನಗು ಇತ್ತು. ಅದು ಹೋಗಲಿಲ್ಲ, ಹಾಗೆಯೇ ಉಳಿದುಕೊಂಡಿತು. ಅದರ ಹಿಂದೆ ಇದ್ದದ್ದೆಲ್ಲ ಹೋಯಿತು.

"ಅವತ್ತು ಅಂದ್ರೆ ಯಾವತ್ತು ಬಾವ?"

ಬಾವನೋರು ಆಡಿದ್ದು ಬೇಕಾದಷ್ಟು ಕುಸ್ತಿ, ಆದರೆ ಸೋತದ್ದು ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಒಂದೇ. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ನಿಧಾನವಾಗಿ ಹೇಳಿದರು. ಆಗ ತಂಗಿಯ ಮದುವೆಯ ಮಾತು ಮುಗಿದಿತ್ತು. ಇವರಿಬ್ಬರಿಗೇ ಕುಸ್ತಿಯ ಜೋಡಿ ಬಿದ್ದದ್ದು ಅದಾದ ಮೇಲೆ. ಹೆಣ್ಣು ಕೊಡುವ ಮನೆಯವನು ಊರೆದುರಿಗೆ ಗಂಡನ್ನು ಚಿತ್ ಮಾಡಿದರೆ ನಾಳೆ ಅವನು ಚಪ್ಪರದಲ್ಲಿ ತಲೆಯೆತ್ತಿ ಕೂರುವುದು ಹೇಗೆ ಎಂದು ಗರಡಿಯ ಗುರುಗಳೇ ಕರೆದು ಹೇಳಿದ್ದರು. ಸ್ವಲ್ಪ ಹೊತ್ತು ಎಳೆದಾಡು, ಜನಕ್ಕೆ ತೃಪ್ತಿಯಾಗಲಿ, ಆಮೇಲೆ ಬೆನ್ನು ಕೊಡು.

"ನೀನು ಬೆನ್ನು ಕೊಟ್ಟೆ," ಎಂದರು ಪೈಲ್ವಾನ್ರು.

"ಅದೇ ಇರೋದು. ಕೊಡೋಕೆ ಮುಂಚೆನೇ ನೀನು ಕೆಡವ್ಬಿಟ್ಟೆ. ಈಗ ಬಂದು ಕೈ ಮಿಲಾಯಿಸಿದ್ವಿ, ಆಗ್ಲೇ ಆಕಾಸ ಕಾಣಿಸ್ತು."

"ಅಂಗಾದ್ರೆ ನಾನೇ ಗೆದ್ದಿದ್ದು."

"ಗೆದ್ದಿರ್ಬೋದು. ಆದ್ರೆ ಬೀಳ್ಬೇಕು ಅಂತ ಮನಸಲ್ಲಿ ಇಟ್ಕೊಂಡೇ ಬಂದಿದ್ನಲ್ಲ. ಮೈ ಒಂಚೂರು ಸಡಿಲ ಇತ್ತೋ ಏನೋ. ನಂಗೇ ಗೊತ್ತಿಲ್ಲ ಬಾವ. ದೇವ್ರಾಣೆಗೂ ಗೊತ್ತಿಲ್ಲ."

ಪೈಲ್ವಾನ್ರು ಎದ್ದು ಕೈ ತೊಳೆದುಕೊಂಡು ಹೊರಗೆ ಹೋದರು. ಟಿ.ವಿ.ಯಲ್ಲಿ ಪಂದ್ಯ ನಡೆದೇ ಇತ್ತು. ಎತ್ತರದವನು ಕೊನೆಗೆ ತೋಳು ಸಿಕ್ಕಿಸಿಕೊಂಡು ನೆಲ ತಟ್ಟಿ ಸೋತ. ಅದನ್ನು ನೋಡಿದ್ದು ನಾನು ಮತ್ತು ಆಂಟಿ ಮಾತ್ರ. ಆಂಟಿ, "ಪಾಪ, ಚೆನ್ನಾಗಿ ಆಡ್ದ," ಎಂದು ತಟ್ಟೆಗಳನ್ನು ಎತ್ತಿದರು.

ಆ ವಾರ ಆ ಮನೆಯಲ್ಲಿ ನಡೆದದ್ದು ಹೀಗೆ. ಹಾಲಿನವನು, "ಪೈಲ್ವಾನ್ರೇ, ಪಾತ್ರೆ," ಎಂದರೆ ಅವರು ಕಿಟಕಿಯಿಂದ, "ಇಲ್ಲಿ ಯಾರೂ ಪೈಲ್ವಾನ್ ಇಲ್ಲ," ಎಂದು ಹೇಳಿ ಪಾತ್ರೆ ಚಾಚಿದರು. ಒಬ್ಬ ಹೊಸ ಬಾಡಿಗೆದಾರ ಬಂದ. ಅವನಿಗೆ ಬೀಗದ ಕೈ ಸುಮ್ಮನೆ ಸಿಕ್ಕಿತು. ಆಂಟಿ ನನ್ನನ್ನು ಮೆಟ್ಟಿಲ ಬಳಿ ನಿಲ್ಲಿಸಿ, "ಆ ಸಿ.ಡಿ. ಇಸ್ಕೊಂಡು ಹೋಗಪ್ಪ, ಇವ್ರು ಊಟ ಬಿಟ್ಟವ್ರೆ," ಎಂದರು. ಇಸಿದುಕೊಳ್ಳಲು ಹೋದರೆ ಪೈಲ್ವಾನ್ರು ಕೊಡಲಿಲ್ಲ.

ಅವರು ಅದನ್ನು ದಿನಾ ಸಂಜೆ ಹಾಕಿಕೊಂಡು ನೋಡುತ್ತಿದ್ದರು. ಮೊದಲೆರಡು ದಿನ ಎತ್ತಿ ಹಾಕುವ ಜಾಗ ಒಂದನ್ನೇ. ಗದ್ದ ಮೊದಲೋ, ಎತ್ತಿದ್ದು ಮೊದಲೋ. ನಾನು ಕೆಲಸದಿಂದ ಬಂದರೆ ಮೆಟ್ಟಿಲಲ್ಲೇ ಕರೆಯುವರು. "ಬಾರಪ್ಪ, ನೀನು ಕೂದಲೆಳೆ ಅಳೆಯೋನು. ನೋಡಿ ಹೇಳು." ನಾನು ಮುಂದೆ ಹಿಂದೆ ಮಾಡಿ ನೋಡಿದೆ. ಗದ್ದ ಮೊದಲೇ ಹೋಗಿತ್ತು. ಬಾವನೋರು ಹೇಳಿದ್ದು ಸರಿ ಎಂದೆ. ಅವರು ಹೂಂ ಎಂದರು.

ಮೂರನೆಯ ದಿನದ ಹೊತ್ತಿಗೆ ಅವರು ಪೂರ್ತಿ ಪಂದ್ಯ ನೋಡತೊಡಗಿದ್ದರು. ಪಕ್ಕದಲ್ಲಿ ಕಾಫಿ ತಣ್ಣಗಾಗಿತ್ತು. "ಕೂತ್ಕೋ, ಇಲ್ಲಿ ನೋಡು," ಎಂದರು. ಪರದೆಯಲ್ಲಿ ಕುಳ್ಳ ಅಲುಗಾಡದೆ ಎತ್ತರದವನ ಮೇಲೆ ಒರಗಿದ್ದ. ಏನೂ ನಡೆಯುತ್ತಿರಲಿಲ್ಲ. "ಅವನ ಪಕ್ಕೆ ನೋಡು. ಉಸಿರು ನೋಡು ಹೆಂಗೆ ಹೊಡ್ಕೊಳ್ತದೆ. ಕೊನೇಲಿ ಯಾರು ಸೋಲೋದು ಅಂತ ಮಾತಾಡ್ಕೊಂಡಿರ್ಬೋದಪ್ಪ. ಉಸಿರನ್ನ ಮಾತಾಡ್ಕೊಳ್ಳೋಕಾಗ್ತದಾ? ಒದೆ ತಿಂದ ತೊಡೆಗೆ ಕೆಂಪಾಗು ಅಂತ ಯಾರು ಹೇಳ್ಕೊಟ್ರು?"

ಎತ್ತರದವನು ಹಗ್ಗದ ಕಡೆ ಕೈ ಚಾಚಿದ. ಒಂದು ಗೇಣು ಸಾಲದಾಯಿತು. ಅವನು ಕಣ್ಣು ಮುಚ್ಚಿಕೊಂಡ. "ಸೋಲೋಕೇ ಬಂದಿರೋನು ಹಗ್ಗಕ್ಕೆ ಯಾಕೆ ಇಷ್ಟು ಒದ್ದಾಡ್ತಾನೆ?" ಎಂದು ಪೈಲ್ವಾನ್ರು ಕೇಳಿದರು. ನನ್ನನ್ನಲ್ಲ.

ಮುಂದಿನ ಭಾನುವಾರ ಬಾವನೋರು ಬರುವುದಿಲ್ಲವೇನೋ ಎಂದುಕೊಂಡಿದ್ದೆವು. ಬೆಳಗ್ಗೆಯೇ ಬಂದರು, ಒಂದರ ಬದಲು ಎರಡು ಕೋಳಿ ತಂದಿದ್ದರು. ಪೈಲ್ವಾನ್ರು ಬಾಗಿಲಲ್ಲೇ ನಿಂತು, "ಚೀಲ ಇಟ್ಟು ಮ್ಯಾಲೆ ಬಾ," ಎಂದರು.

"ಯಾಕೆ?"

"ಬೀಳೋಕೆ ಗೊತ್ತಲ್ಲ ನಿಂಗೆ. ಬಿದ್ದು ತೋರ್ಸು ಬಾ."

ಮಹಡಿಯ ಮೇಲೆ ಆಂಟಿ ಹತ್ತಿಯ ಹಾಸಿಗೆಗಳನ್ನು ಬಿಸಿಲಿಗೆ ಹಾಕಿದ್ದರು. ಅಡ್ಡಕ್ಕೆ ಕಟ್ಟಿದ ನೈಲಾನ್ ಹಗ್ಗದ ಮೇಲೆ ಆಗತಾನೇ ಒಗೆದ ಬೆಡ್‌ಶೀಟುಗಳು. ನಾನು ಬನಿಯನ್ನಿನಲ್ಲಿ ಹಲ್ಲುಜ್ಜುತ್ತಾ ನಿಂತಿದ್ದೆ. ಇಬ್ಬರೂ ಮೆಟ್ಟಿಲು ಹತ್ತಿ ಬಂದು, ಉಸಿರು ಹಿಡಿಯಲು ಸ್ವಲ್ಪ ಹೊತ್ತು ಟ್ಯಾಂಕಿಗೆ ಒರಗಿದರು. ಆಮೇಲೆ ಪಂಚೆ ಬಿಚ್ಚಿ ಕಟ್ಟೆಯ ಮೇಲೆ ಮಡಿಸಿಟ್ಟರು. ಬ್ರಶ್ಶು ಬಾಯಲ್ಲೇ ಉಳಿಯಿತು.

ಹೇಗೆ ಆಡುವುದು ಎಂಬುದರ ಮೇಲೆ ಮೊದಲು ಜಗಳ. ಪೈಲ್ವಾನ್ರಿಗೆ ನಮ್ಮ ಪದ್ಧತಿ, ಬೆನ್ನು ತಾಗಿದರೆ ಮುಗಿಯಿತು.

"ನಂಗೆ ಡಾಕ್ಟ್ರು ಸೊಂಟಕ್ಕೆ ಬೆಲ್ಟ್ ಕೊಟ್ಟವ್ರೆ," ಎಂದರು ಬಾವನೋರು. "ಬೆನ್ನ ಮೇಲೆ ಬಿದ್ರೆ ಏಳಲ್ಲ. ಜಪಾನ್ದು ಆಡಣ. ಕೂತ್ಕೊಂಡೇ ಆಡ್ಬೋದು."

"ಆಗ್ಲಿ. ರೆಫರಿ ಇವನು," ಎಂದು ಪೈಲ್ವಾನ್ರು ನನ್ನತ್ತ ತಿರುಗಿದರು. "ದಿನಾ ಪಾಸು ರಿಜೆಕ್ಟು ಮಾಡೋನಲ್ವಾ. ಬಾಯಿ ತೊಳ್ಕೊಂಡು ಬಾ."

ಬೇಡ ಸಾರ್, ಏನಾದರೂ ಆದರೆ ಎಂದೆ. ಆಗಲಿ ಎಂದೇ ಆಡುವುದು ಎಂದರು. ಆಂಟಿಯನ್ನು ಕರೆಯೋಣವೆಂದರೆ ಮೆಟ್ಟಿಲಿಗೆ ಅವರೇ ಅಡ್ಡ ನಿಂತಿದ್ದರು. ಬಾಯಿ ತೊಳೆದುಕೊಂಡು ಬಂದೆ.

ಇಬ್ಬರೂ ಹಾಸಿಗೆಯ ಮೇಲೆ ಬಗ್ಗಿ ನಿಂತರು. ಪೈಲ್ವಾನ್ರು ವಾರವಿಡೀ ನೋಡಿದ್ದರಲ್ಲ, ಮೊದಲಿಗೆ ಆ ಒದೆಯನ್ನೇ ಒದ್ದರು. ಬಾವನೋರು ಸುಮ್ಮನೆ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಕಾಲು ಪೂರ್ತಿ ಸುತ್ತು ಬಂದು ನೀರಿನ ಟ್ಯಾಂಕಿಗೆ ಬಡಿಯಿತು. ತಗಡಿನ ಟ್ಯಾಂಕು, ದೊಡ್ಡ ಗಂಟೆಯ ಸದ್ದು ಬಂತು. ಪಕ್ಕದ ಮಹಡಿಯಲ್ಲಿ ಹಪ್ಪಳ ಹಾಕುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿ, ಸೆರಗು ಬಾಯಿಗೆ ಇಟ್ಟುಕೊಂಡು ಒಳಗೆ ಹೋದರು.

"ನೋವಾಯ್ತಾ?" ಎಂದರು ಬಾವನೋರು.

"ನಿಂಗ್ಯಾಕೆ ಅದು?" ಎಂದ ಪೈಲ್ವಾನ್ರು ಒಂಟಿ ಕಾಲಲ್ಲಿ ನಿಂತಿದ್ದರು. ಬಾವನೋರು ಇನ್ನೊಂದು ಕಾಲನ್ನು ಹಿಡಿದೆಳೆದರು.

ಬೀಳುವಾಗ ಪೈಲ್ವಾನ್ರ ಮುಖ ನನ್ನ ಕಡೆಗಿತ್ತು. ಅವರು ಗದ್ದವನ್ನು ಎದೆಗೆ ಒತ್ತಿಕೊಂಡಿರಲಿಲ್ಲ. ಹಾಸಿಗೆ ಇಲ್ಲದಿದ್ದರೆ ಏನಾಗುತ್ತಿತ್ತೋ. ಬಾವನೋರು ಅವರ ಪಾದವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೂತರು, ಥೇಟ್ ಸಿ.ಡಿ.ಯಲ್ಲಿದ್ದ ಹಾಗೆ. ಪೈಲ್ವಾನ್ರು ಮೊಣಕೈಯಲ್ಲಿ ತೆವಳಿ ಹಗ್ಗದ ಕಡೆಗೆ ಹೊರಟರು. ಬಾವನೋರೂ ಅವರ ಕಾಲಿಗೆ ಅಂಟಿಕೊಂಡು ಹಾಸಿಗೆಯ ಸಮೇತ ಜಾರುತ್ತಾ ಹಿಂದೆ ಬಂದರು. ಹಗ್ಗದ ಕೆಳಗೆ ತಲುಪಿದಾಗ ಕಷ್ಟ ತಿಳಿಯಿತು. ರಿಂಗಿನಲ್ಲಿ ಕೆಳಗಿನ ಹಗ್ಗ ಮೊಣಕಾಲಿನಷ್ಟು ಎತ್ತರದಲ್ಲಿರುತ್ತದೆ. ಇದು ಆಂಟಿಯ ತಲೆಗಿಂತ ಮೇಲಿತ್ತು.

ಪೈಲ್ವಾನ್ರು ಮಲಗಿದಲ್ಲಿಂದಲೇ ಮೇಲೆ ನೋಡಿದರು. ಆಮೇಲೆ ಇಳಿಬಿದ್ದಿದ್ದ ಬೆಡ್‌ಶೀಟಿನ ಅಂಚು ಹಿಡಿದು, "ಹಗ್ಗ," ಎಂದರು.

"ಅದು ಬೆಡ್‌ಶೀಟು," ಎಂದರು ಬಾವನೋರು, ಕಾಲು ಬಿಡದೆ.

"ಬೆಡ್‌ಶೀಟು ಹಗ್ಗದ ಮ್ಯಾಲೇ ಐತಲ್ಲ."

"ಅಂಗಂದ್ರೆ ಹಗ್ಗ ಗೋಡೆ ಮ್ಯಾಲೈತೆ, ಗೋಡೆ ನೆಲದ ಮ್ಯಾಲೈತೆ. ನೆಲ ಮುಟ್ಟಿದ್ರೂ ಬಿಡ್ಬೇಕಾ?"

ಇಬ್ಬರೂ ನನ್ನ ಮುಖ ನೋಡಿದರು. ನಾನು ಹಗ್ಗವನ್ನೂ ಕ್ಲಿಪ್ಪನ್ನೂ ಪರೀಕ್ಷಿಸಿ, ಕ್ಲಿಪ್ ಹಾಕಿರುವ ಬೆಡ್‌ಶೀಟು ಹಗ್ಗಕ್ಕೆ ಸೇರಿದ್ದು, ಕ್ಲಿಪ್ ಇಲ್ಲದ್ದು ಸೇರಿದ್ದಲ್ಲ ಎಂದು ತೀರ್ಪು ಕೊಟ್ಟೆ. ಅದಕ್ಕೆ ಕ್ಲಿಪ್ ಇತ್ತು. ಬಾವನೋರು ಗೊಣಗಿಕೊಂಡು ಕಾಲು ಬಿಟ್ಟರು. ಪೈಲ್ವಾನ್ರಿಗೆ ಒಂದು ಪಾಯಿಂಟ್ ಹೋಯಿತು.

ಎರಡನೆಯ ಸುತ್ತು ನಗುವಂಥದ್ದಾಗಿರಲಿಲ್ಲ. ಇದು ನಾನು ನಿಜವಾಗಿ ಹೇಳಬೇಕಾದ ಜಾಗ. ಅವರಿಬ್ಬರೂ ಮಂಡಿಯೂರಿ, ಹಣೆಗೆ ಹಣೆ ಹಚ್ಚಿ, ತೋಳಿಗೆ ತೋಳು ಹೆಣೆದು ಹಾಗೇ ನಿಂತುಬಿಟ್ಟರು. ಏನೂ ನಡೆಯುತ್ತಿರಲಿಲ್ಲ, ಸಿ.ಡಿ.ಯಲ್ಲಿ ಪೈಲ್ವಾನ್ರು ತೋರಿಸಿದ ಆ ಜಾಗದ ಹಾಗೆ. ಆದರೆ ಹತ್ತಿರ ಹೋದರೆ ಭುಜದ ಚರ್ಮ ಅದುರುತ್ತಿತ್ತು, ಕುತ್ತಿಗೆಯ ನರ ಬೆರಳಿನಷ್ಟು ದಪ್ಪಗಾಗಿತ್ತು. ಅವರಿಗೆ ನಾನಿದ್ದದ್ದು ಮರೆತೇ ಹೋಗಿತ್ತು. "ಸಾಕು ಬಿಡಿ," ಎಂದೆ. ಕೇಳಲಿಲ್ಲ.

ಕೊನೆಗೆ ಬಾವನೋರು ಪಕ್ಕಕ್ಕೆ ಉರುಳಿ ಪೈಲ್ವಾನ್ರ ಬಲಗೈಯನ್ನು ತಮ್ಮ ಎರಡು ತೊಡೆಗಳ ನಡುವೆ ಸಿಕ್ಕಿಸಿ, ಮಣಿಕಟ್ಟು ಹಿಡಿದು ಹಿಂದಕ್ಕೆ ಒರಗತೊಡಗಿದರು. ಪೈಲ್ವಾನ್ರ ಎಡಗೈ ಬೆಡ್‌ಶೀಟಿಗೆ ಹೋಯಿತು. ಎಳೆದರು. ಕ್ಲಿಪ್ಪುಗಳು ಸಿಡಿದವು, ಇಡೀ ಒದ್ದೆ ಬೆಡ್‌ಶೀಟು ಬಂದು ನನ್ನ ತಲೆಯ ಮೇಲೆ ಬಿತ್ತು.

ನಾನು ಕಾಣದೇ ಹೋದದ್ದು ಇದು. ಡಬಲ್ ಕಾಟ್ ಬೆಡ್‌ಶೀಟು, ಹೊರಬರಲು ಅಂಚು ಸಿಗಲಿಲ್ಲ. ಒಳಗೆ ಎಲ್ಲ ಬೆಳ್ಳಗೆ, ಸೋಪಿನ ವಾಸನೆ. ತಪ್ ತಪ್ ಎಂದು ಹಾಸಿಗೆ ತಟ್ಟಿದ ಸದ್ದು ಕೇಳಿಸಿತು. ಹೊರಬಂದು ನೋಡಿದಾಗ ಪೈಲ್ವಾನ್ರು ಇನ್ನೂ ತಟ್ಟುತ್ತಿದ್ದರು. ಬಾವನೋರು ಕೈ ಬಿಟ್ಟಾಗಿತ್ತು. ನಾನು ಬಾವನೋರ ಕೈ ಎತ್ತಿದೆ.

"ಯಾಕೆ ತಟ್ಟಿದೆ ಬಾವ?" ಎಂದರು ಬಾವನೋರು. "ನಾನಿನ್ನೂ ಬಿಗಿ ಮಾಡೇ ಇರ್ಲಿಲ್ಲ."

"ಮಾಡಿದ್ದೆ."

"ಇಲ್ಲ ಕಣೋ. ಬರೀ ಇಟ್ಟಿದ್ದೆ."

"ಮುರಿದೇ ಹೋಗ್ತಿತ್ತು. ನೀನು ಗೆದ್ದೆ ಹೋಗು, ಇನ್ನೇನು?"

ಅಷ್ಟರಲ್ಲಿ ಆಂಟಿ ಮೇಲೆ ಬಂದರು. ಹಾಸಿಗೆ, ಬೆಡ್‌ಶೀಟು, ಗಂಡ, ಅಣ್ಣ, ಇದೇ ಕ್ರಮದಲ್ಲಿ ನೋಡಿದರು. "ಈಗ್ತಾನೇ ಒಗೆದಿದ್ದು," ಎಂದು ಬೆಡ್‌ಶೀಟನ್ನು ಬಾವನೋರ ಕೈಗೆ ಕೊಟ್ಟು, "ನಡಿ, ಜಾಲಿಸ್ಕೊಡು," ಎಂದರು. ಗೆದ್ದವರು ಪಂಚೆ ಸುತ್ತಿಕೊಂಡು ಬೆಡ್‌ಶೀಟು ಹೊತ್ತು ಕೆಳಗೆ ಹೋದರು.

ನಾನು ಪೈಲ್ವಾನ್ರನ್ನು ಎತ್ತಿ ಕೂರಿಸಿ ಎಲ್ಲಿ ನೋವು ಎಂದು ಕೇಳಿದೆ. ಅವರು ಎಡ ಮೊಣಕೈಯನ್ನು ತೋರಿಸಿ, "ಇಲ್ಲೇ, ಇಲ್ಲೇ," ಎಂದು ನೀವಿಕೊಂಡರು. ಬಾವನೋರು ಹಿಡಿದಿದ್ದದ್ದು ಬಲಗೈ.

ಅವರು ನನ್ನ ಮುಖ ನೋಡಿದರು, ತಮ್ಮ ಕೈ ನೋಡಿಕೊಂಡರು, ನೀವುವುದನ್ನು ನಿಲ್ಲಿಸಿದರು.

"ಮೊದ್ಲು ಹಿಡಿದಾಗ್ಲೇ ತಟ್ಟಣ ಅನ್ಕೊಂಡೆ," ಎಂದರು. "ಕಾಲು ಸಿಕ್ಕಿಸ್ಕೊಂಡ್ನಲ್ಲ, ಆಗ್ಲೇ. ಕೈ ಏಳ್ಲಿಲ್ಲ. ಬಾಯಲ್ಲಿ ಹಗ್ಗ ಅಂತ ಬಂತು. ಹಣೆ ಕೊಟ್ಟು ನಿಂತಾಗ್ಲೂ ಬಿಟ್ಬಿಡಣ ಅಂದ್ರೆ ಮೈ ಬಿಡಲ್ಲ ಅಂತದೆ. ಸೋಲ್ಬೇಕು ಅಂತ ಬೆಳಗ್ಗೆಯಿಂದ ಗಟ್ಟಿ ಮಾಡ್ಕೊಂಡಿದ್ದೆ ಕಣಪ್ಪ. ಆದ್ರೂ ಎಷ್ಟೊತ್ತು ಬೇಕಾಯ್ತು ನೋಡು."

ಟ್ಯಾಂಕಿಗೆ ಕೈಯೂರಿ ಏಳುತ್ತಾ ಹೇಳಿದರು: "ಅವನಿಗೂ ಅವತ್ತು ಮೈ ಬಿಟ್ಟಿರಲ್ಲ. ಅಷ್ಟು ಬೇಗ ಬಿಡಕ್ಕಾಗಲ್ಲ. ಅಷ್ಟು ಬೇಗ ಬಿದ್ದ ಅಂದ್ರೆ ನಾನೇ ಕೆಡವಿದ್ದು."

ಪೈಲ್ವಾನ್ರು ಕೆಳಗೆ ಹೋಗಿ ಒಂದು ವಾರದ ಊಟವನ್ನು ಒಂದೇ ಸಲ ಮಾಡಿದರು. ಬಾವನೋರು ಮಾತ್ರ ಮುದ್ದೆಯನ್ನು ಮುರಿದು ಮುರಿದು ಇಡುತ್ತಿದ್ದರು.

ಸಂಜೆ ಬಾವನೋರನ್ನು ಬಸ್ಸು ಹತ್ತಿಸಲು ಎಂಟನೇ ಮೈಲಿಯ ಸ್ಟಾಪಿನವರೆಗೆ ಹೋದೆ. ಅಲ್ಲಿ ನಿಂತ ಮೇಲೆ ಅವರು ಕೇಳಿದರು.

"ನೀನು ನೋಡ್ದಲ್ಲಪ್ಪ. ನಾನು ಬಿಗಿ ಮಾಡಿದ್ನಾ?"

"ಬೆಡ್‌ಶೀಟ್ ಒಳಗಿದ್ದೆ. ಸದ್ದು ಕೇಳಿಸ್ತು ಅಷ್ಟೇ."

"ನಾನು ಕೆಳಗೆ ಹೋದ್ ಮ್ಯಾಲೆ ನೋವು ಅಂದ್ನಾ?"

"ಅಂದ್ರು."

"ಎಲ್ಲಿ ಅಂದ?"

ಕೇಳಿದ್ದಕ್ಕೆ ಕಂಡದ್ದನ್ನು ಹೇಳುವುದಷ್ಟೇ ನನಗೆ ಗೊತ್ತಿದ್ದದ್ದು. "ಎಡ ಮೊಣಕೈ," ಎಂದೆ.

ನೆಲಮಂಗಲದ ಬಸ್ಸು ಬಂದು ನಿಂತಿತು. ಬಾವನೋರು ಹಿಡಿಕೆ ಹಿಡಿದು ಒಂದು ಕಾಲು ಮೆಟ್ಟಿಲ ಮೇಲಿಟ್ಟು ಹಾಗೇ ನಿಂತರು. ಹಿಂದಿನವರು, "ಹತ್ತಣ್ಣ, ಹತ್ತು," ಎಂದು ತಳ್ಳುತ್ತಿದ್ದರು.

"ಅವನಿಗೆ ಮೊದ್ಲಿಂದ್ಲೂ ಎಡ ಬಲ ಗೊತ್ತಾಗಲ್ಲ ಕಣಪ್ಪ," ಎಂದು ಅವರು ಹತ್ತಿದರು.

ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬಸ್ಸು ಹೊರಟಾಗ ಅವರು ನನ್ನ ಕಡೆ ನೋಡುತ್ತಿರಲಿಲ್ಲ. ತಮ್ಮ ಎರಡು ಕೈಗಳನ್ನೂ ಮುಂದೆ ಚಾಚಿ, ಗಾಳಿಯಲ್ಲಿ ಯಾರದೋ ಮಣಿಕಟ್ಟು ಹಿಡಿದ ಹಾಗೆ ಮುಷ್ಟಿ ಕಟ್ಟಿ, ಸೀಟಿನಲ್ಲಿ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಒರಗುತ್ತಿದ್ದರು.